ದ್ವೀಪದ ಇಲಿಗೆ ಯಾರು ಹೊಣೆ?

ಕಾರ್ಕಳದಂಥ ಊರಿನಲ್ಲಿ ಇಲಿ ಕೊಲ್ಲುವುದನ್ನು ಯಾರೂ ಧರ್ಮಸಂಕಟವೆಂದು ತಿಳಿದಿಲ್ಲ. ತೆಂಗಿನ ಬುಡದಲ್ಲಿ ತೂತು ಬಿದ್ದ ಬೊಂಡಗಳು ಉದುರಿರುವುದನ್ನು ಕಂಡ ದಿನವೇ ತೋಟದವರು ಪೇಟೆಗೆ ಹೋಗಿ ಇಲಿ ಪಾಷಾಣ ತರುತ್ತಾರೆ. ಹಂಚಿನ ಮನೆಯ ಅಟ್ಟದಲ್ಲಿ ರಾತ್ರಿಯಿಡೀ ಓಡಾಟ ಕೇಳಿಸಿದರೆ ಬೋನು ಇಡುತ್ತೇವೆ. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಇಲಿಜ್ವರ ಬಂತು, ಮಣಿಪಾಲಕ್ಕೆ ಸೇರಿಸಿದರು ಎಂಬ ಸುದ್ದಿ ಉಡುಪಿ ಜಿಲ್ಲೆಗೆ ಹೊಸದಲ್ಲ. ಬೋನಿಗೆ ಬಿದ್ದ ಇಲಿಯನ್ನು ಕೊಲ್ಲಲು ಮನಸ್ಸು ಬಾರದೆ ಗುಡ್ಡದಾಚೆ ಬಿಟ್ಟು ಬರುವವರೂ ನಮ್ಮಲ್ಲಿದ್ದಾರೆ. ಗುಡ್ಡದಾಚೆಯವರು ಅದನ್ನೇ ಈಚೆಗೆ ತಂದು ಬಿಡುತ್ತಾರೆ ಎಂಬುದು ಬೇರೆ ಮಾತು.

ಆದರೆ ಒಂದು ದ್ವೀಪದ ಇಲಿಗಳನ್ನೆಲ್ಲ, ಗರ್ಭಿಣಿಯೊಂದೂ ಮರಿಯೊಂದೂ ಉಳಿಯದಂತೆ ಕೊಂದು ಮುಗಿಸಬೇಕೆಂದು ಯಾರಾದರೂ ಹೇಳಿದರೆ? ಅದೂ ನಮ್ಮ ಅಕ್ಕಿಮೂಟೆಗಾಗಲಿ ಆರೋಗ್ಯಕ್ಕಾಗಲಿ ಅಲ್ಲ, ನಾವು ಕಂಡೂ ಇಲ್ಲದ ಯಾವುದೋ ಕಡಲಹಕ್ಕಿಯ ಮೊಟ್ಟೆಗಾಗಿ? ಆಗ ನಾವು ಒಂದು ಗಳಿಗೆ ನಿಲ್ಲುತ್ತೇವೆ. ನಿಲ್ಲಬೇಕಾದದ್ದೇ.

ನ್ಯೂಜಿಲೆಂಡ್ ದೇಶ 2016ರಲ್ಲಿ ಇಂಥದೊಂದು ಗುರಿಯನ್ನು ಘೋಷಿಸಿತು. 2050ರೊಳಗೆ ಇಡೀ ದೇಶದಲ್ಲಿ ಇಲಿ, ಸ್ಟೋಟ್ ಎಂಬ ಮುಂಗುಸಿಯಂಥ ಪುಟ್ಟ ಬೇಟೆಗಾರ ಪ್ರಾಣಿ, ಪಾಸಮ್ ಇವು ಇಲ್ಲವಾಗಬೇಕು. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ಮೇಲೆ ಹೆಲಿಕಾಪ್ಟರಿನಿಂದ ವಿಷದ ಕಾಳು ಸುರಿದು, 2018ರಲ್ಲಿ ಅಲ್ಲಿ ಇಲಿ ಉಳಿದಿಲ್ಲವೆಂದು ಸಾರಿದರು. ಇವರೆಲ್ಲ ಕ್ರೂರಿಗಳೆಂದು ತಳ್ಳಿಹಾಕುವುದು ಸುಲಭ. ಅವರು ಮುಂದಿಡುವ ಕಾರಣ ಮಾತ್ರ ಅಷ್ಟು ಸುಲಭವಾಗಿ ತಳ್ಳುವಂಥದಲ್ಲ. ದೂರದ ದ್ವೀಪಗಳ ಹಕ್ಕಿಗಳು ನೆಲದ ಮೇಲೆ ಓಡಾಡುವ ಬೇಟೆಗಾರನನ್ನು ಲಕ್ಷಾಂತರ ವರ್ಷ ಕಂಡಿಲ್ಲ. ಆದ್ದರಿಂದ ಅವು ಬರಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ಇಲಿ ಬಂದು ಮರಿಯನ್ನು ಕಚ್ಚಿದರೂ ಎದ್ದು ಓಡಬೇಕೆಂಬ ಬುದ್ಧಿ ಅವುಗಳಿಗೆ ಹುಟ್ಟುವುದಿಲ್ಲ. ಗಫ್ ಎಂಬ ದ್ವೀಪದಲ್ಲಿ ಚುಂಚಿಲಿಗಳು ರಾತ್ರಿ ಹೊತ್ತು ಗುಂಪುಗೂಡಿ, ತಮಗಿಂತ ನೂರಾರು ಪಟ್ಟು ತೂಕದ ಆಲ್ಬಟ್ರಾಸ್ ಮರಿಗಳನ್ನು ಜೀವಂತವಾಗಿಯೇ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಮರಿ ಸುಮ್ಮನೆ ಕೂತಿರುತ್ತದೆ.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಲಕ್ಷದ್ವೀಪವಿದೆ. ಈಗಿನ ಹುಡುಗರಿಗೆ ಅದು ಪ್ರವಾಸದ ಜಾಹೀರಾತಿನ ಜಾಗ. ನಮ್ಮ ಜಿಲ್ಲೆಗಳಿಗೆ ಮಾತ್ರ ಅದು ಹಳೆಯ ನೆಂಟ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ಪಾಲಾದವು. 1956ರಲ್ಲಿ ಕೇಂದ್ರಾಡಳಿತ ಬರುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಹಗ್ಗ, ಕೊಬ್ಬರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಇಲ್ಲಿಯ ಅಕ್ಕಿ ಮಂಜಿಗಳಲ್ಲಿ ಅಲ್ಲಿಗೆ ಹೋಗುತ್ತಿತ್ತು. ಅಕ್ಕಿ ಹೋದಲ್ಲಿಗೆ ಇಲಿ ಹೋಗದೆ ಇರುತ್ತದೆಯೇ? ಇಲಿಯಿಲ್ಲದ ಮರದ ಹಡಗನ್ನು ಯಾವ ಕಾಲದ ಯಾವ ಖಲಾಸಿಯೂ ಕಂಡಿರಲಾರ. ದ್ವೀಪಕ್ಕಿಳಿದ ಇಲಿ ತೆಂಗಿನ ಮರವೇರಿತು, ಸುಳಿಯಲ್ಲೇ ಗೂಡು ಕಟ್ಟಿತು, ನೆಲಕ್ಕಿಳಿಯುವ ಅಗತ್ಯವೇ ಇಲ್ಲದೆ ಗರಿಯಿಂದ ಗರಿಗೆ ದಾಟುತ್ತ ಎಳೆ ಕಾಯಿಗಳನ್ನು ಕೊರೆಯಿತು. ತೆಂಗು ಬಿಟ್ಟರೆ ಬೇರೆ ಬೆಳೆಯಿಲ್ಲದ ಜನ ಅವರು. ಊರಿನ ಗಂಡಸರೆಲ್ಲ ಸೇರಿ ಇಲಿ ಬೇಟೆಗೆ ಹೋಗುವ ಕಟ್ಟಳೆ ಅಲ್ಲಿ ಹಿಂದೆ ಇತ್ತೆಂಬುದನ್ನು ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಅಂದರೆ ಈ ಪ್ರಶ್ನೆ ಹೆಲಿಕಾಪ್ಟರಿನೊಂದಿಗೆ ಹುಟ್ಟಿದ್ದಲ್ಲ.

ಕವರತ್ತಿಯಿಂದ ಅಷ್ಟು ದೂರದಲ್ಲಿ ಪಿಟ್ಟಿ ಎಂಬ ಮರಳ ದಿಬ್ಬವಿದೆ. ಮನೆಯಿಲ್ಲ, ಮರವಿಲ್ಲ. ರೀವ ಎನ್ನುವ ಕಡಲಹಕ್ಕಿಗಳು ಅಲ್ಲಿ ಮರಳಿನ ಮೇಲೆಯೇ ಮೊಟ್ಟೆಯಿಟ್ಟು ಮರಿಮಾಡುತ್ತವೆ. ಅಂಥ ಕಡೆಗೆ ಒಂದು ದೋಣಿಯಿಂದ ಬಸುರಿ ಇಲಿಯೊಂದು ಇಳಿದರೆ ಸಾಕು.

ಲಕ್ಷದ್ವೀಪದ ಕೆಳಗಿರುವ ಕಡಲತಳದ ದಿಣ್ಣೆಯೇ ದಕ್ಷಿಣಕ್ಕೆ ಮಾಲ್ದೀವ್ಸ್ ದಾಟಿ ಚಾಗೋಸ್ ದ್ವೀಪಗಳವರೆಗೆ ಹೋಗುತ್ತದೆ. ಅಲ್ಲಿ ಇಲಿ ಹೊಕ್ಕ ದ್ವೀಪಗಳೂ ಇವೆ, ಹೊಗದ ದ್ವೀಪಗಳೂ ಇವೆ. ವಿಜ್ಞಾನಿಗಳು ಎರಡನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಇಲಿಯಿಲ್ಲದ ದ್ವೀಪಗಳಲ್ಲಿ ಕಡಲಹಕ್ಕಿಗಳ ದಟ್ಟಣೆ 760 ಪಟ್ಟು ಹೆಚ್ಚು. ಹಕ್ಕಿಗಳು ದೂರದ ಕಡಲಿನಲ್ಲಿ ಮೀನು ತಿಂದು ಬಂದು ಇಲ್ಲಿ ಹಿಕ್ಕೆ ಹಾಕುತ್ತವೆ. ಆ ಗೊಬ್ಬರ ಮಳೆಗೆ ಕರಗಿ ಹವಳದ ದಿಬ್ಬಕ್ಕೆ ಇಳಿಯುತ್ತದೆ. ಅಲ್ಲಿಯ ಮೀನಿನ ಒಟ್ಟು ತೂಕ ಶೇ. 48ರಷ್ಟು ಹೆಚ್ಚು. ಮರದ ಮೇಲಿನ ಇಲಿಗೂ ನೀರಿನೊಳಗಿನ ಮೀನಿಗೂ ಹೀಗೊಂದು ಲೆಕ್ಕಾಚಾರವಿದೆಯೆಂದು ಮಲ್ಪೆಯ ಮೀನುಗಾರರಿಗೆ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಕ್ಕಿಲ್ಲ. ಹಕ್ಕಿ ಎರಗಿದಲ್ಲಿ ಮೀನಿದೆ ಎಂದು ನೋಡಿ ಬಲೆ ಹಾಕಿದವರು ಅವರು.

ಇದೇ ಚಾಗೋಸ್‌ನ ಇನ್ನೊಂದು ಕತೆಯನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೈನಿಕ ನೆಲೆಗಾಗಿ 1968ರಿಂದ 1973ರೊಳಗೆ ಬ್ರಿಟನ್ ಆ ದ್ವೀಪಗಳ ನಿವಾಸಿಗಳನ್ನೆಲ್ಲ, ಒಂದೂವರೆ ಎರಡು ಸಾವಿರ ಮಂದಿಯನ್ನು, ಹಡಗು ಹತ್ತಿಸಿ ಮಾರಿಷಸ್ ಮತ್ತು ಸೆಶೆಲ್ಸ್‌ಗೆ ಸಾಗಹಾಕಿತು. ಅವರ ನಾಯಿಗಳನ್ನು ಕೊಲ್ಲಿಸಲಾಯಿತು. ಮನುಷ್ಯರು ಹೋದರು, ಇಲಿಗಳು ಉಳಿದವು. ಮುಂದೆ 2010ರಲ್ಲಿ ಅದೇ ಕಡಲನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಹಕ್ಕಿ, ಹವಳಗಳ ಹೆಸರಿನ ಈ ಬೇಲಿ ತಮ್ಮ ಮರಳುವಿಕೆಗೆ ಹಾಕಿದ ಬೇಲಿಯೇ ಎಂದು ಹೊರಹಾಕಲ್ಪಟ್ಟವರು ಹೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲು ನಮಗೆ ಧೈರ್ಯವಿಲ್ಲ.

ಇಲ್ಲಿಗೆ ನಮ್ಮನ್ನು ನಿಜವಾಗಿ ಕಾಡುವ ಸಂಗತಿಗೆ ಬಂದೆವು. ದ್ವೀಪದ ಇಲಿಗಳ ಬಗ್ಗೆ ಬರೆಯುವವರು ಬಳಸುವ ಪದಗಳನ್ನು ನೋಡಿ: ಅನ್ಯ, ಹೊರಗಿನದು, ಆಕ್ರಮಣಕಾರಿ, ನುಸುಳಿದ್ದು, ಮೂಲನಿವಾಸಿಗಳಿಗೆ ಅಪಾಯ, ನಿರ್ಮೂಲನ. ಕರಾವಳಿಯಲ್ಲಿ ಬದುಕುವ ನಮ್ಮಂಥವರು ಈ ಪದಗಳನ್ನು ಇಲಿಗಳ ವಿಷಯದಲ್ಲಿ ಮಾತ್ರ ಕೇಳಿದ್ದರೆ ಚೆನ್ನಾಗಿತ್ತು. ವೇದಿಕೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಕೆಲವೊಮ್ಮೆ ಚಹಾದ ಅಂಗಡಿಯಲ್ಲಿ ಮನುಷ್ಯರ ಬಗ್ಗೆಯೂ ಕೇಳಿದ್ದೇವೆ. 1940ರಲ್ಲಿ ನಾಜಿಗಳು ತೆಗೆದ ಚಲನಚಿತ್ರವೊಂದರಲ್ಲಿ ಇಲಿಗಳ ಹಿಂಡನ್ನು ತೋರಿಸಿ ಅದರ ಪಕ್ಕದಲ್ಲೇ ಯಹೂದಿಗಳನ್ನು ತೋರಿಸಿದರು. 1994ರ ರುವಾಂಡದಲ್ಲಿ ರೇಡಿಯೋ ದಿನಬೆಳಗಾದರೆ ಟುಟ್ಸಿಗಳನ್ನು ಜಿರಲೆ ಎಂದು ಕರೆಯಿತು. ಮುಂದಾದದ್ದು ಎಲ್ಲರಿಗೂ ತಿಳಿದಿದೆ. ಆದ್ದರಿಂದ ಹಕ್ಕಿಯ ಪರವಾಗಿ ಮಾತನಾಡುವಾಗಲೂ ನಾಲಗೆಯ ಮೇಲೆ ನಿಗಾ ಬೇಕು.

ಹಾಗೆಂದು ಪದ ಕೆಟ್ಟದ್ದೆಂಬ ಕಾರಣಕ್ಕೆ ಹಕ್ಕಿಯನ್ನು ಇಲಿಯ ಬಾಯಿಗೆ ಬಿಡಬೇಕೆ? ಬೇಡ. ಆದರೆ ತಕರಾರು ಯಾವುದರ ಬಗ್ಗೆ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಎಲ್ಲಿಂದ ಬಂತು ಎಂಬುದು ತಕರಾರಾದರೆ ನಮ್ಮ ಕಾರ್ಕಳದಲ್ಲಿ ಉಳಿಯುವುದು ಕರಿಬಂಡೆ ಮಾತ್ರ. ಎಷ್ಟೋ ಮನೆಗಳ ಒಲೆ ಉರಿಸಿದ ಗೇರುಬೀಜ ಪೋರ್ತುಗೀಸರ ಹಡಗಿನಲ್ಲಿ ಬಂದದ್ದು. ನಮ್ಮ ಮೀನುಸಾರಿನ ಮೆಣಸೂ ಅವರದೇ ಕೊಡುಗೆ. ಪಾಪ, ಗೇರುಮರಕ್ಕೆ ಯಾರೂ ಗುರುತಿನ ಚೀಟಿ ಕೇಳಲಿಲ್ಲ. ಇನ್ನು ಲೋಕದ ದ್ವೀಪಗಳಲ್ಲೆಲ್ಲ ಖಳನಾಯಕನೆನಿಸಿಕೊಂಡ ಆ ಕಪ್ಪು ಇಲಿಯ ತವರು ಯಾವುದು? ಭಾರತವೇ ಎನ್ನುತ್ತಾರೆ ತಿಳಿದವರು. ಇಲ್ಲಿ ಅದು ಹಾವಿನ, ಗೂಬೆಯ, ಕಾಡುಬೆಕ್ಕಿನ ಆಹಾರವಾಗಿ ಕಾಡಿನ ಲೆಕ್ಕದೊಳಗೇ ಇದೆ. ಇಲ್ಲಿ ಮನೆಮಗ, ಅಲ್ಲಿ ದಾಳಿಕೋರ. ಪ್ರಾಣಿ ಅದೇ, ಹಸಿವೂ ಅದೇ. ಬದಲಾದದ್ದು ನಾವು ಅದನ್ನು ಇಳಿಸಿದ ಜಾಗ.

ಮುಂಗುಸಿಯ ಕತೆಯೂ ಹಾಗೆಯೇ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ, ಬಾಯಿಗೆ ಮೆತ್ತಿದ ರಕ್ತದ ತಪ್ಪಿಗೆ ಒಡತಿಯ ಕೈಯಲ್ಲೇ ಸತ್ತ ಮುಂಗುಸಿಯ ಕತೆ ಕೇಳದ ಕನ್ನಡದ ಮಗು ಉಂಟೇ? 1872ರಲ್ಲಿ ಜಮೈಕಾದ ಕಬ್ಬಿನ ತೋಟದವನೊಬ್ಬ ಇಲಿಗಳ ಕಾಟ ತಾಳದೆ ಕೋಲ್ಕತಾದಿಂದ ಒಂಬತ್ತು ಮುಂಗುಸಿಗಳನ್ನು ತರಿಸಿದ. ಅಲ್ಲಿಂದ ಅವುಗಳ ಸಂತತಿ ಹವಾಯಿಗೆ ಹೋಯಿತು. ಇಲಿ ರಾತ್ರಿ ಸಂಚಾರಿ, ಮುಂಗುಸಿ ಹಗಲು ಸಂಚಾರಿ ಎಂಬುದನ್ನು ತರಿಸಿದವರು ವಿಚಾರಿಸಿದಂತಿಲ್ಲ. ಮುಂಗುಸಿಗಳು ಹಗಲಿನಲ್ಲಿ ಸಿಕ್ಕಿದ ನೆಲದ ಹಕ್ಕಿ, ಮೊಟ್ಟೆ, ಹಲ್ಲಿ, ಆಮೆಮರಿ ತಿಂದವು. ಜಪಾನಿನ ಅಮಾಮಿ ದ್ವೀಪಕ್ಕೆ 1979ರಲ್ಲಿ ವಿಷದ ಹಾವುಗಳನ್ನು ಹಿಡಿಯಲೆಂದು ಸುಮಾರು ಮೂವತ್ತು ಮುಂಗುಸಿಗಳನ್ನು ಬಿಟ್ಟರು. ಆ ಹಾವೂ ರಾತ್ರಿಯದೇ! ಮುಂಗುಸಿಗಳು ಅಲ್ಲಿಯ ಅಪರೂಪದ ಕಪ್ಪು ಮೊಲದ ಬೆನ್ನು ಬಿದ್ದವು. ಸಂಖ್ಯೆ ಹತ್ತು ಸಾವಿರದ ಹತ್ತಿರ ಬಂದ ಮೇಲೆ ಸರಕಾರ ಬೋನುಗಳನ್ನೂ ನಾಯಿಗಳನ್ನೂ ಹಿಡಿದು ವರ್ಷಗಟ್ಟಲೆ ಕಾಡು ಜಾಲಾಡಿತು. 2024ರ ಸೆಪ್ಟೆಂಬರಿನಲ್ಲಿ, ಇನ್ನೊಂದೂ ಇಲ್ಲ ಎಂದು ಘೋಷಿಸಿತು. ಮೊಲ ಉಳಿಯಿತು, ಒಳ್ಳೆಯದಾಯಿತು. ಕರೆಸಿಕೊಂಡವರೂ ಅವರೇ, ಕೊಂದವರೂ ಅವರೇ. ಇಷ್ಟರಲ್ಲಿ ಮುಂಗುಸಿ ಮಾಡಿದ್ದಾದರೂ ಏನು? ಮುಂಗುಸಿಯಾಗಿ ಬದುಕಿದ್ದು.

ಇಂಥ ಮೊಕದ್ದಮೆಯಲ್ಲಿ ಆರೋಪಿಯ ಕಟಕಟೆಯಲ್ಲಿ ನಿಲ್ಲಬೇಕಾದವರು ಯಾರು? ಪವಿತ್ರ ಕುರ್‌ಆನಿನ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ) ಮತ್ತು ಅವರ ಮಗ ಸುಲೈಮಾನ್(ಅ)ರ ಮುಂದೆ ಬಂದ ವ್ಯಾಜ್ಯವೊಂದರ ಪ್ರಸ್ತಾಪವಿದೆ. ಒಬ್ಬರ ಕುರಿಗಳು ರಾತ್ರಿ ಹೊತ್ತು ಇನ್ನೊಬ್ಬರ ಹೊಲಕ್ಕೆ ನುಗ್ಗಿ ಮೇಯ್ದಿದ್ದವು. ವ್ಯಾಖ್ಯಾನಕಾರರು ಅದನ್ನು ವಿವರಿಸುವುದು ಹೀಗೆ: ನಷ್ಟಕ್ಕೆ ಬದಲಾಗಿ ಕುರಿಗಳು ಹೊಲದವನಿಗೆ ಸೇರಲಿ ಎಂದರು ತಂದೆ. ಮಗ ಬೇರೊಂದು ದಾರಿ ತೋರಿಸಿದರು. ಕುರಿಗಳು ಸದ್ಯಕ್ಕೆ ಹೊಲದವನ ಬಳಿಯಿರಲಿ, ಹಾಲು ಉಣ್ಣೆಯನ್ನು ಅವನು ಬಳಸಿಕೊಳ್ಳಲಿ. ಕುರಿಯ ಒಡೆಯ ಹೊಲಕ್ಕಿಳಿದು ದುಡಿಯಲಿ, ಅದು ಮೊದಲಿನಂತಾದ ದಿನ ಕುರಿಗಳನ್ನು ಹಿಂದಕ್ಕೆ ಪಡೆಯಲಿ. ಈ ತೀರ್ಪನ್ನು ನಾವು ಎಳೆಯ ವಯಸ್ಸಿನಲ್ಲಿ ಉರ್ದುವಿನಲ್ಲಿ ಓದಿದ್ದು, ಬುದ್ಧಿವಂತ ಮಗನ ಕತೆಯೆಂದೇ ಓದಿದ್ದು. ಈಗ ಓದಿದರೆ ಬೇರೆಯೇ ಕಾಣುತ್ತದೆ. ಕುರಿಗಳ ಮೇಲೆ ಯಾರೂ ಆರೋಪ ಹೊರಿಸಲಿಲ್ಲ. ಹೊಣೆ ಒಡೆಯನದಾಯಿತು. ಹೊಣೆಯೆಂದರೆ ದಂಡ ಕಟ್ಟಿ ಕೈತೊಳೆಯುವುದಲ್ಲ, ಕೆಡಿಸಿದ ನೆಲವನ್ನು ಮೊದಲಿನ ಸ್ಥಿತಿಗೆ ತರುವ ತನಕ ಅಲ್ಲಿ ನಿಂತು ಬೆವರು ಸುರಿಸುವುದು.

ಇಲಿಯನ್ನು ಹಡಗಿನಲ್ಲಿ ಒಯ್ದವರು ನಾವು, ಮನುಷ್ಯರು. ಆದ್ದರಿಂದ ದ್ವೀಪವನ್ನು ಸರಿಪಡಿಸುವ ಹೊಣೆಯೂ ನಮ್ಮದು. ತೊಂದರೆಯೆಂದರೆ ಕುರಿಯನ್ನು ಕೊಟ್ಟಿಗೆಗೆ ಅಟ್ಟಬಹುದು, ಲಕ್ಷಗಟ್ಟಲೆ ಇಲಿಗಳನ್ನು ಮರಳಿ ಮಂಗಳೂರಿಗೆ ತರಲಾಗುವುದಿಲ್ಲ. ಕೊಲ್ಲದೆ ಬಿಟ್ಟರೆ ಹಕ್ಕಿಗಳನ್ನು ಕೊಂದವರ ಪಟ್ಟಿಯಲ್ಲಿ ನಾವೂ ಇರುತ್ತೇವೆ. ಕೊಂದರೆ ಇಲಿಗಳನ್ನು ಕೊಂದ ಪಟ್ಟಿಯಲ್ಲಿರುತ್ತೇವೆ.

ಕಾರ್ಕಳದಲ್ಲಿ ಕೂತು ಇದನ್ನು ಬರೆಯುವಾಗ, 1432ರಿಂದ ಗುಡ್ಡದ ಮೇಲೆ ಬತ್ತಲೆ ನಿಂತಿರುವ ಗೊಮ್ಮಟನನ್ನು ನೆನೆಯದಿರಲು ಆಗುವುದಿಲ್ಲ. ಜೈನ ಶಾಸ್ತ್ರ ಗೃಹಸ್ಥರಿಗಾಗಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪಿ, ಅಡುಗೆ ಕಸಗುಡಿಸುವಿಕೆಯಲ್ಲಿ ತಪ್ಪಿಸಲಾಗದ ಆರಂಭಿ, ಕಸುಬಿನಲ್ಲಿ ಘಟಿಸುವ ಉದ್ಯೋಗಿ, ರಕ್ಷಣೆಗಾಗಿ ಎದುರಿಸಿದಾಗಿನ ವಿರೋಧಿ. ಮೊದಲನೆಯದು ಗೃಹಸ್ಥನಿಗೂ ಸಲ್ಲದು. ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ದ್ವೀಪದ ಇಲಿಗಳನ್ನು ಕೊಲ್ಲುವುದು ಇವುಗಳಲ್ಲಿ ಯಾವುದು? ನಕ್ಷೆ ಹಾಸಿ, ಹೆಲಿಕಾಪ್ಟರಿನ ದಾರಿ ಗೆರೆ ಎಳೆದು, ಒಂದೂ ಉಳಿಯಬಾರದೆಂದು ನಿರ್ಧರಿಸಿ ಮಾಡುವುದು ಸಂಕಲ್ಪವಲ್ಲದೆ ಮತ್ತೇನು? ಓಡಲಾರದ ಮರಿಯ ಪರವಾಗಿ ನಿಲ್ಲುವುದು ವಿರೋಧಿಯೂ ಹೌದು. ಒಂದೇ ಕೃತ್ಯ ಎರಡು ಕೋಣೆಗಳಲ್ಲೂ ಕೂರುತ್ತದೆ. ಜೈನ ಗೆಳೆಯರು ಏನೆನ್ನುತ್ತಾರೋ, ಚರ್ಚೆಗೆ ನಾವು ಸಿದ್ಧ.

ನಮ್ಮ ಕಡೆಯ ಶಾಸ್ತ್ರ ಇಲಿಯ ವಿಷಯದಲ್ಲಿ ಅಷ್ಟು ಸಂಕೋಚಪಡುವುದಿಲ್ಲ. ಬೇಟೆ ನಿಷಿದ್ಧವಾದ ಹರಮ್‌ನ ನೆಲದಲ್ಲೂ ಕೊಲ್ಲಲು ಅನುಮತಿಯಿರುವ ಐದು ಜೀವಿಗಳಲ್ಲಿ ಇಲಿಯೊಂದು. ಹದೀಸ್‌ನಲ್ಲಿ ಅದಕ್ಕೆ ‘ಪುಟ್ಟ ತುಂಟ’ ಎಂದು ಅರ್ಥ ಬರುವ ಹೆಸರೂ ಇದೆ. ದೀಪದ ಬತ್ತಿ ಎಳೆದುಕೊಂಡು ಹೋಗಿ ಮನೆಗೆ ಬೆಂಕಿ ಹಚ್ಚುತ್ತದೆ ಎಂಬ ಕಾರಣಕ್ಕೆ. ಕಾರಣವನ್ನು ಗಮನಿಸಬೇಕು. ಅದು ಮಾಡುವ ಹಾನಿಯ ಮಾತಿದೆಯೇ ಹೊರತು ಹುಟ್ಟಿನ ಮಾತಿಲ್ಲ. ಆದರೆ ಅನುಮತಿ ಸಿಕ್ಕಿತೆಂದು ಕುಣಿಯುವವರಿಗೆ ಅದೇ ಹದೀಸ್ ಗ್ರಂಥಗಳಲ್ಲಿ ಬೇರೆ ಮಾತುಗಳೂ ಇವೆ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೊಂದ ಹೆಂಗಸಿಗೆ ನರಕ. ತನ್ನನ್ನು ಕಚ್ಚಿದ ಒಂದು ಇರುವೆಗಾಗಿ ಇಡೀ ಗೂಡನ್ನು ಸುಡಿಸಿದ ಪ್ರವಾದಿಯೊಬ್ಬರಿಗೆ ಅಲ್ಲಾಹನ ಆಕ್ಷೇಪ. ಕೊಯ್ಯುವಾಗ ಕತ್ತಿ ಹರಿತವಿರಲಿ, ಪ್ರಾಣಿಗೆ ನೋವು ಕಡಿಮೆಯಾಗಲಿ ಎಂಬ ಆಜ್ಞೆ. ಕೊಲ್ಲಬಹುದೇ ಎಂಬ ಪ್ರಶ್ನೆ ಮುಗಿದ ಮೇಲೂ ಹೇಗೆ ಕೊಲ್ಲುವುದು ಎಂಬ ಪ್ರಶ್ನೆ ಬಾಕಿ ಇರುತ್ತದೆ.

ಹೇಗೆ ಎಂಬುದರಲ್ಲೇ ದ್ವೀಪಗಳ ಕೆಲಸ ನಮ್ಮನ್ನು ಹೆಚ್ಚು ಕಲಕುತ್ತದೆ. ಅಲ್ಲಿ ಬಳಸುವ ವಿಷ ಬ್ರೋಡಿಫಕೂಮ್. ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಂಪಿಗೆ ಸೇರಿದ್ದು. ಅದೇ ಗುಂಪಿನ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂದು, ಆಮೇಲೆ ಮನುಷ್ಯರ ಮದ್ದಾಯಿತು. ಹೃದಯದ ಕವಾಟ ಬದಲಿಸಿಕೊಂಡ ಎಷ್ಟೋ ಮಂದಿ ಆ ಮಾತ್ರೆ ನುಂಗಿ ಬದುಕುತ್ತಿದ್ದಾರೆ. ಇಲಿಗೆ ಅದು ಒಳಗೊಳಗೇ ರಕ್ತ ಸೋರಿ ಕೆಲವು ದಿನಗಳಲ್ಲಿ ಬರುವ ಸಾವು. ತಕ್ಷಣ ಸತ್ತರೆ ಉಳಿದ ಇಲಿಗಳು ಹುಷಾರಾಗಿ ಕಾಳು ಮುಟ್ಟುವುದಿಲ್ಲ; ನಿಧಾನವೇ ಅದರ ಗುಣ. ಹರಿತವಾದ ಕತ್ತಿ ಇದಲ್ಲ. ವಿಷ ತಿಂದ ಇಲಿಯನ್ನು ತಿಂದ ಹಕ್ಕಿಯೂ ಸಾಯುತ್ತದೆ. ಆಸ್ಟ್ರೇಲಿಯಾದ ಮಕ್ವಾರಿ ದ್ವೀಪದಲ್ಲಿ ಹಾಗೆ ಸತ್ತವು. ಅಲ್ಲಿ ಮೊದಲು, 2000ದ ಹೊತ್ತಿಗೆ, ಬೆಕ್ಕುಗಳನ್ನು ಮುಗಿಸಿದ್ದರು. ಬೆಕ್ಕು ಹೋದ ಮೇಲೆ ಮೊಲಗಳು ಹೆಚ್ಚಿ ಗುಡ್ಡದ ಹಸುರನ್ನೇ ಬೋಳಿಸಿದವು. ಆಮೇಲೆ ಮೊಲ, ಇಲಿ ಎಲ್ಲದಕ್ಕೂ ವಿಷ. ಗಫ್ ದ್ವೀಪದಲ್ಲಿ 2021ರಲ್ಲಿ ಭಾರಿ ಸಿದ್ಧತೆಯಿಂದ ವಿಷ ಹಾಕಿದರು. ಅದೇ ಡಿಸೆಂಬರಿನಲ್ಲಿ ಕ್ಯಾಮೆರಾದ ಮುಂದೆ ಒಂದು ಚುಂಚಿಲಿ ಹಾದುಹೋಯಿತು. ಅಷ್ಟೂ ಸಾವು ವ್ಯರ್ಥ! ನಮ್ಮ ಅಭಿಪ್ರಾಯದಲ್ಲಿ ಅರೆಬರೆ ಕೊಲ್ಲುವುದು ಕೊಲ್ಲುವುದಕ್ಕಿಂತಲೂ ಕೆಟ್ಟದ್ದು. ಒಮ್ಮೆಗೇ ಮುಗಿಯುತ್ತದೆ, ಮತ್ತೆ ಬರದಂತೆ ಕಾಯಲು ಆಗುತ್ತದೆ ಎಂಬ ಖಾತ್ರಿಯಿಲ್ಲದ ಕಡೆ ಕೈ ಹಾಕಬಾರದು. ಜನವಸತಿಯ ಲಕ್ಷದ್ವೀಪದಲ್ಲಿ ವಾರವಾರವೂ ಹಡಗು ಬರುತ್ತದೆ. ಅಲ್ಲಿ ಪೂರ್ತಿ ನಿರ್ಮೂಲನದ ಮಾತಾಡುವವರು ಮೊದಲು ಬಂದರಿನ ಮೂಟೆಗಳ ಮಾತಾಡಲಿ.

ಆಡುಗಳ ಪ್ರಸಂಗವಂತೂ ಕತೆ ಬರೆಯುವವರ ನಿದ್ದೆ ಕೆಡಿಸುವಂಥದು. ಗಲಾಪಗೋಸ್‌ನಲ್ಲಿ ದೈತ್ಯ ಆಮೆಗಳ ಮೇವನ್ನು ತಿಂದು ಮುಗಿಸುತ್ತಿದ್ದ ಆಡುಗಳನ್ನು 1997ರಿಂದ 2006ರವರೆಗೆ ನಡೆದ ಯೋಜನೆಯಲ್ಲಿ ಗುಂಡಿಟ್ಟು ಕೊಂದರು, ಒಂದೂವರೆ ಲಕ್ಷಕ್ಕೂ ಮೇಲೆ. ಕೊನೆಕೊನೆಗೆ ಉಳಿದವು ಕಣ್ಣಿಗೆ ಬೀಳಲಿಲ್ಲ. ಆಗ ಒಂದು ಆಡಿನ ಕೊರಳಿಗೆ ರೇಡಿಯೋ ಕಟ್ಟಿ ಬಿಟ್ಟರು. ಆಡು ಒಂಟಿಯಾಗಿ ಇರಲಾರದು, ಸಂಗಡಿಗರನ್ನು ಹುಡುಕಿಕೊಂಡು ಹೋಗಿ ಸೇರುತ್ತದೆ. ಹಿಂದೆಯೇ ಬಂದವರು ಸಂಗಡಿಗರನ್ನೆಲ್ಲ ಕೊಂದು ಇದನ್ನು ಮಾತ್ರ ಬಿಡುತ್ತಾರೆ. ಅದು ಮತ್ತೆ ಹುಡುಕಿಕೊಂಡು ಹೋಗುತ್ತದೆ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನು ಆ ಆಡಿಗೆ ಇಟ್ಟಿದ್ದಾರೆ. ಹೆಸರಿಟ್ಟವರು ಯೋಚಿಸಲಿಲ್ಲ. ಯೂದನಿಗೆ ತಾನು ಮಾಡುತ್ತಿರುವುದೇನೆಂದು ತಿಳಿದಿತ್ತು. ಆಮೆಗಳು ಉಳಿದವು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳುವವರನ್ನು ನಂಬಬಾರದು.

ಕೊಲ್ಲುವ ಕೆಲಸವನ್ನು ಇನ್ನೊಂದು ಪ್ರಾಣಿಗೆ ವಹಿಸಿ ಹಗುರಾಗುವ ಆಸೆಯೂ ಉಂಟು. 2019ರಲ್ಲಿ ಕವರತ್ತಿಗೆ ಕೇರಳದಿಂದ ಕೆಲವು ಕಣಜಗೂಬೆಗಳನ್ನು ಒಯ್ದರು, ಇಲಿ ಹಿಡಿಯಲೆಂದು. ವಿಷ ಸುರಿಯುವುದಕ್ಕಿಂತ ಇದು ಮೇಲು ಎಂದು ಯಾರಿಗೂ ಅನಿಸುತ್ತದೆ. ಆದರೆ ಸೆಶೆಲ್ಸ್‌ನವರು ಇದನ್ನು 1949ರಲ್ಲೇ ಮಾಡಿ ನೋಡಿದ್ದಾರೆ. ಗೂಬೆಗಳಿಗೆ ಇಲಿಗಿಂತ, ಬರಿ ಕೊಂಬೆಯ ಮೇಲೆ ಮೊಟ್ಟೆಯಿಡುವ ಬಿಳಿ ರೀವಗಳು ಸುಲಭವಾಗಿ ಸಿಕ್ಕವು. ಕೊನೆಗೆ ಸರಕಾರ ಗೂಬೆಯ ತಲೆಗೆ ಇನಾಮು ಕಟ್ಟಿತು. ಗೂಬೆಯ ಕೈಯಲ್ಲಿ ಕೊಲ್ಲಿಸಿದರೂ ಲೆಕ್ಕ ನಮ್ಮ ಹೆಸರಿಗೇ ಬರೆಯಲ್ಪಡುತ್ತದೆ.

ನಮ್ಮ ಕೈಗೆಟುಕುವ ದೂರದಲ್ಲಿಯೇ ಒಂದು ದ್ವೀಪವಿದೆ, ಮುರ್ಡೇಶ್ವರದಾಚೆಯ ನೇತ್ರಾಣಿ. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತವೆ. ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬರೆಂದು ನಾವು ಪಾಠದಲ್ಲಿ ಓದಿದ ಎ.ಒ. ಹ್ಯೂಮ್, ಪಕ್ಷಿತಜ್ಞನಾಗಿ 1870ರ ದಶಕದಲ್ಲಿ ಲಕ್ಷದ್ವೀಪದ ಪ್ರಯಾಣದೊಂದಿಗೆ ಇಲ್ಲಿಗೂ ಬಂದು ಆ ಹದ್ದುಗಳ ಬಗ್ಗೆ ಬರೆದಿದ್ದಾನೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸಿದಾಗ ಹದ್ದು, ಹವಳಗಳ ಹೆಸರಿನಲ್ಲಿ ವಿರೋಧ ಎದ್ದದ್ದು ಕರಾವಳಿಗೆ ನೆನಪಿದೆ. ಅಲ್ಲಿ ಕಾಡಾಡಿಯಾದ ಆಡುಗಳೂ ಇವೆ. ಅವು ಮೀನುಗಾರರು ಹರಕೆಯಾಗಿ ಬಿಟ್ಟ ಆಡುಗಳ ಸಂತತಿ ಎಂಬುದು ಜನರ ಮಾತು. ಕಡಲಿನಲ್ಲಿ ಜೀವ ಉಳಿದದ್ದಕ್ಕೆ ಬಿಟ್ಟ ಆಡು, ಕೊಯ್ಯದೆ ಜೀವಸಹಿತ ಬಿಟ್ಟದ್ದು. ಕರುಣೆಯೇ ಅದು. ಆದರೆ ಆಡು ಚಿಗುರು ಬಿಡುವುದಿಲ್ಲ. ಸಸಿ ಮೇಲೇಳದಿದ್ದರೆ ಇಂದಿನ ಮರ ಬಿದ್ದ ಮೇಲೆ ಹದ್ದಿಗೆ ನಾಳೆಯ ಮರವೆಲ್ಲಿ?

ಇಲ್ಲಿ ಬಂದೂಕು ಬೇಡ, ವಿಷವೂ ಬೇಡ. ಲಕ್ಷಗಟ್ಟಲೆ ಇಲಿಗಳಿಗೆ ಇಲ್ಲದ ಭಾಗ್ಯ ಈ ಆಡುಗಳಿಗಿದೆ. ಅವುಗಳನ್ನು ಹಿಡಿದು ದೋಣಿಯಲ್ಲಿ ದಡಕ್ಕೆ ತರಬಹುದು. ಕಷ್ಟದ ಕೆಲಸ, ಆಗದ ಕೆಲಸವಲ್ಲ. ಅದಕ್ಕೆ ಮೊದಲು ಯಾರಾದರೂ ಹೋಗಿ ಹರಕೆ ಹೊತ್ತವರ ಜೊತೆ ಕೂತು ಮಾತಾಡಬೇಕು. ಇಲಾಖೆಯ ಆದೇಶ ಹಿಡಿದಲ್ಲ, ಅವರ ಹದ್ದು ಅವರ ಕಡಲು ಎಂದು ಒಪ್ಪಿಕೊಂಡು. ಹರಕೆಯ ಆಡನ್ನು ದಡದ ಮೇಲೆಯೇ ಒಬ್ಬ ಬಡ ವಿಧವೆಯ ಕೊಟ್ಟಿಗೆಗೆ ಕಟ್ಟಿದರೆ ಹರಕೆ ಸಂದಂತಾಗುವುದಿಲ್ಲವೇ ಎಂದು ಕೇಳಿ ನೋಡಬೇಕು. ಆಗುವುದಿಲ್ಲ ಎಂದು ಅವರೆಂದರೆ, ಏಕೆ ಎಂಬುದನ್ನೂ ಕುಳಿತು ಕೇಳಬೇಕು.